ಮೂರನೆಯ ತಾಟು

ನಾನು ಮಾತು ಕಡಿಮೆ ಆಡುವವಳು. ನೆಂಟರು ಇದನ್ನು ಗುಣವೆಂದು ಹೊಗಳುತ್ತಾರೆ. ನಿಜವಾಗಿ ಇದು ಸೋಮಾರಿತನವೇ. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಓಡಾಡುವುದರಿಂದ ಯಾರಿಗೂ ಅದರ ಗುರುತು ಸಿಕ್ಕಿಲ್ಲ. ಒಂದು ವಾಕ್ಯ ಬೇಕಾದಲ್ಲಿ ಒಂದು ಪದ, ಒಂದು ಪದ ಬೇಕಾದಲ್ಲಿ ‘ಹ್ಞೂಂ’. ಇಷ್ಟರಲ್ಲೇ ಹಾಸ್ಟೆಲ್ಲಿನ ದಿನಗಳು, ರಸಾಯನಶಾಸ್ತ್ರದ ಎಂ.ಎಸ್ಸಿ., ಕೆಲಸದ ಸಂದರ್ಶನ ಎಲ್ಲವೂ ಸಾಗಿಹೋದವು. ಈಗ ಜೇವರ್ಗಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ತರಗತಿಯಲ್ಲಿ ಮಾತ್ರ ಪೂರ್ಣ ವಾಕ್ಯಗಳಲ್ಲಿ ಮಾತಾಡುತ್ತೇನೆ, ಏಕೆಂದರೆ ಸಮೀಕರಣಗಳು ಮರುಪ್ರಶ್ನೆ ಕೇಳುವುದಿಲ್ಲ, ಹುಡುಗರೂ ಕೇಳುವುದಿಲ್ಲ. ಒಂದು ‘ಹ್ಞೂಂ’ನಿಂದ ಯಾರಿಗೂ ಕೇಡಾಗದು ಎಂದೇ ನಂಬಿದ್ದೆ. ಆ ಸದ್ದಿನಿಂದ ಒಬ್ಬ ಮನುಷ್ಯ ಹುಟ್ಟಿಕೊಳ್ಳಬಹುದು, ಅವನಿಗೆ ತಾಟು ಇಡಬೇಕಾಗಬಹುದು, ಹಾಸಿಗೆಯನ್ನೂ ಹಾಸಬೇಕಾಗಬಹುದು ಎನ್ನುವುದು ಗೊತ್ತಾದದ್ದು ಹಡಗಿನ ಮೇಲೆ.

ಆಳಂದದಲ್ಲಿ ನಮ್ಮಪ್ಪನದು ಬೀಜ, ಗೊಬ್ಬರದ ಅಂಗಡಿ. ಬೀಜದ ಕಂಪನಿಯವರು ಆ ವರ್ಷ ತಮ್ಮ ಅಂಗಡಿಕಾರರನ್ನು ಮುಂಬೈಯಿಂದ ಹೊರಡುವ ಮೋಜಿನ ಹಡಗಿಗೆ ಕಳಿಸುವುದೆಂದು ತೀರ್ಮಾನಿಸಿದರು. ಒಬ್ಬೊಬ್ಬರಿಗೆ ಇಬ್ಬರ ಜಾಗ. ಅಪ್ಪ, “ನೀರು ನೋಡ್ಲಿಕ್ಕ ಅಷ್ಟು ದೂರ ಯಾಕ ಹೋಗಬೇಕು? ಅಫಜಲಪುರದ ಕಡಿ ಹೋದ್ರ ಭೀಮಾ ಅದಾಳ,” ಎಂದು ಕೈಬಿಟ್ಟರು. ಅಮ್ಮನಿಗೆ ಕಲಬುರಗಿಯ ಬಸ್ಸಿನಲ್ಲೇ ವಾಂತಿ. ಹಡಗಿನ ಚಿತ್ರ ನೋಡಿಯೇ ನಿಂಬೆಹಣ್ಣು ಮೂಸಿದರು. ಕಡೆಗೆ ಹೊರಟವರು ನಾನು ಮತ್ತು ಅಪ್ಪನ ಅಕ್ಕ, ಶರಣಮ್ಮ ಅತ್ತೆ. ನಿಲ್ದಾಣದಲ್ಲಿ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಗ ಸಕ್ಕರಿ ಬ್ಯಾನಿ ಅದ, ನೆನಪಿಡು. ಗುಳಿಗಿ ತಗೊಂಡ ಕೂಡ್ಲೇ ಊಟ ಆಗಬೇಕು. ತಡಾ ಆದ್ರ ಕಣ್ಣಿಗಿ ಕತ್ತಲಿ ಬಂದು ಬಿದ್ದುಬಿಡ್ತಾಳ. ಹೋದ ಸಲ ಬಿದ್ದಾಗ ಎಷ್ಟು ಹೆದರಿದ್ವಿ,” ಎಂದರು. “ಹ್ಞೂಂ” ಅಂದೆ.

ಹೇಳಿದಷ್ಟು ಸುಲಭವಲ್ಲ ಅದು. ಅತ್ತೆಯ ಮನೆ ಮಾದನಹಿಪ್ಪರಗಾದ ಬಸ್ ನಿಲ್ದಾಣದ ಎದುರಿಗೇ ಇದೆ. ಯಾರಾದರೊಬ್ಬ ಹೊರಗಿನವರು ಉಣ್ಣದೆ ತಾನು ತುತ್ತು ಮುಟ್ಟುವುದಿಲ್ಲ ಎನ್ನುವುದು ಆಕೆಯ ಅತ್ತೆ ಮಾವಂದಿರ ಕಾಲದಿಂದ ನಡೆದು ಬಂದ ಪದ್ಧತಿ. ಜಿಡಗಾದ ಮಠಕ್ಕೆ ಹೋಗುವ ಜಂಗಮರು ಬಂದರೆ ಬಹಳ ಸಂತೋಷ. ಬರದಿದ್ದರೆ ಆಳಂದದ ಬಸ್ಸು ತಪ್ಪಿದವರು ಯಾರಾದರೂ ಆದೀತು. ಅತ್ತೆಯ ಕೈರುಚಿ ಗೊತ್ತಿದ್ದವರು ಬೇಕೆಂದೇ ಬಸ್ಸು ತಪ್ಪಿಸಿಕೊಳ್ಳುತ್ತಾರೆಂದು ಊರಲ್ಲಿ ಮಾತಿದೆ. ಒಮ್ಮೆ ವಿದ್ಯುತ್ ಸಂಪರ್ಕ ಕಡಿಯಲು ಬಂದವನಿಗೇ ಹೋಳಿಗೆ ಬಡಿಸಿದ್ದಕ್ಕೆ ಅವನು ಸಂಕೋಚದಿಂದ ಕಂಬ ಹತ್ತದೆ ಹೋಗಿದ್ದ. ಬಡಿಸಿದ ಮೇಲೆ ಅತ್ತೆ ಅತಿಥಿಗೆ ಬೆನ್ನು ಮಾಡಿ ಕೂರುತ್ತಾಳೆ. ಉಣ್ಣುವವರ ಮೋರೆ ನೋಡಬಾರದಂತೆ, ಅವರಿಗೆ ತುತ್ತು ಇಳಿಯುವುದಿಲ್ಲವಂತೆ. ಉಂಡವರು ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ಒಂದು ಅಗುಳೂ ಚೆಲ್ಲಬಾರದು. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ಅತ್ತೆ ತಿರುಗಿ ನೋಡಿ ತನ್ನ ತಾಟಿಗೆ ಕೈ ಹಾಕುವುದು.

ಇನ್ನು ಹಡಗು. ಅಲ್ಲಿನ ಸೇವೆಯ ಬಗ್ಗೆ ಕೆಟ್ಟದಾಗಿ ಹೇಳುವಂತಿಲ್ಲ, ಕಷ್ಟವಾದದ್ದೇ ಅದು. ಆಳಂದದ ಖಾನಾವಳಿಯಲ್ಲಿ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿ, “ಏನ್ ಬೇಕ್ರಿ?” ಎಂದು ಗದರಿಸುವವನನ್ನು ಕಂಡರೆ ನನಗೆ ನೆಮ್ಮದಿ. ನಾನು ಅವನಿಗೆ ಯಾರೂ ಅಲ್ಲ, ಅವನು ನನಗೆ ಯಾರೂ ಅಲ್ಲ. ಹಡಗಿನಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಬಾಯಾರಿಕೆಯಾಯಿತು ಅನ್ನುವಷ್ಟರಲ್ಲಿ ನೀರು ಬಂದಿರುತ್ತದೆ. ಕೋಣೆಯಿಂದ ಕ್ಷಣ ಹೊರಗೆ ಹೋಗಿ ಬಂದರೆ ಹೊದಿಕೆಯ ಸುಕ್ಕು ಹೋಗಿರುತ್ತದೆ, ಮಡಚಿಟ್ಟ ನನ್ನ ಓದುವ ಕನ್ನಡಕ ಬಿಚ್ಚಿಕೊಂಡು ಬಾಗಿಲ ಕಡೆ ನೋಡುತ್ತಿರುತ್ತದೆ. ಕೋಣೆಗಳ ನಡುವಿನ ಓಣಿಗಳಿಗೆಲ್ಲ ದಪ್ಪ ಗಾಲೀಚೆ. ಎದುರು ಬರುವವರ ಹೆಜ್ಜೆ ಸದ್ದು ಕೇಳುವುದಿಲ್ಲ, ಹಿಂದೆ ಬರುವವರದಂತೂ ಇಲ್ಲವೇ ಇಲ್ಲ. ಆ ಸಲ ಜನ ಕಡಿಮೆ ಇದ್ದರು. ಊಟದ ಸಭಾಂಗಣದಲ್ಲಿ ಬಿಳಿ ಬಟ್ಟೆ ಹೊದ್ದ ಖಾಲಿ ಮೇಜುಗಳು ಸಾಲಾಗಿ ನಿಂತಿದ್ದವು. ಗಾಳಿಯಿಲ್ಲದೆಯೂ ಮೇಲಿನ ದೀಪಗೊಂಚಲು ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

ನಮ್ಮ ಮೇಜಿಗೆ ಬಡಿಸುವವನು ಅಂತೋನ್ ಎಂಬಾತ. ಕರಾವಳಿಯವನು, ಹಿಂದಿ ಮಾತಾಡುತ್ತಿದ್ದ. ಬಿಳಿ ಕೈಗವಸು ತೊಟ್ಟ ಕೈ, ಎಂದೂ ಪೂರ್ತಿಯಾಗದ ಒಂದು ನಗು. ಮೊದಲ ಮಧ್ಯಾಹ್ನ ಅತ್ತೆ ಗುಳಿಗೆ ನುಂಗಿ, ಮೂರನೆಯ ತಾಟಿಗೆ ಚಪಾತಿ, ಬೇಳೆ, ಅನ್ನ ಬಡಿಸಿ, ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟಳು. “ಯಾರನ್ನರ ಕರಕೊಂಡು ಬಾಬೇ,” ಎಂದು ನನಗೆ ಹೇಳಿ, ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

ನಾನು ಎದ್ದೆ. ಅಪರಿಚಿತರ ಬಳಿ ಹೋಗಿ ‘ನಮ್ಮ ತಾಟಿನಲ್ಲಿ ಉಣ್ಣಲು ಬನ್ನಿ’ ಎಂದು ಕರೆಯುವುದು ನನ್ನ ಕೈಲಾಗುವ ಕೆಲಸವಲ್ಲ. ಪಲ್ಯಗಳ ಸಾಲಿನ ಸುತ್ತ ಒಂದು ಸುತ್ತು ಹಾಕಿ, ಒಬ್ಬ ಹಿರಿಯರ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಅವರು ದಾರಿ ಬಿಟ್ಟರು. ಬೇರೆ ದಾರಿ ಕಾಣದೆ ಒಂದು ಚಮಚ ಉಪ್ಪಿನಕಾಯಿ ಹಾಕಿಕೊಂಡು ಹಿಂತಿರುಗಿದೆ. ಅಷ್ಟರಲ್ಲಿ ಅಂತೋನ್, ಯಾರೂ ಮುಟ್ಟದ ತಾಟೆಂದು, ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗಿದ್ದ. ಅತ್ತೆ ತಿರುಗಿದಳು. ಮೇಲುತುಟಿಯ ಮೇಲೆ ಬೆವರು, ಬೆರಳುಗಳಲ್ಲಿ ನಡುಕ.

“ಉಂಡು ಹೋದ್ರೇನಬೇ?”

ನಿಜ ಹೇಳಲು ಒಂದು ವಾಕ್ಯ ಬೇಕಿತ್ತು. ವಾಕ್ಯ ಕಟ್ಟುವಷ್ಟರಲ್ಲಿ ಆಕೆ ಬಿದ್ದುಬಿಟ್ಟರೆ? “ಹ್ಞೂಂ” ಅಂದೆ.

ಅತ್ತೆ ಗಬಗಬನೆ ಉಂಡಳು. ಜೀವ ಬಂದ ಮೇಲೆ ವಿಚಾರಣೆ ಶುರುವಾಯಿತು. “ವಯಸ್ಸಾದವರೇನು?” ನಾನು ಸುಮ್ಮನಿದ್ದೆ. “ಹಂಗಾರ ಹುಡುಗ. ನಮ್ಮ ಕಡಿಯವನ ಅದಾನೇನು?” “ಹ್ಞೂಂ.” “ಮಾತಿಲ್ಲ ಕತಿಯಿಲ್ಲ, ಉಂಡು ಎದ್ದು ಹೋಗ್ಯಾನ. ನಾಚಿಕಿ ಸ್ವಭಾವ ಇರಬೇಕು.” ಆಮೇಲೆ ಅಂತೋನನನ್ನು ಕರೆದು ನಮ್ಮ ಕಡೆಯ ಉರ್ದುವಿನಲ್ಲಿ, “ಭಾಯಿ, ಹಮಾರಾ ಮೆಹಮಾನ್ ರಾತ್ ಕು ಭೀ ಆತಾ. ಅಚ್ಛಾ ದೇಖ್ ಲೋ,” ಎಂದಳು. ಅತಿಥಿ ರಾತ್ರಿಗೂ ಬರುತ್ತಾನೆ, ಚೆನ್ನಾಗಿ ನೋಡಿಕೋ ಎಂದು. ಅಂತೋನ್ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಅತಿಥಿಗಳು ಹೇಳಿದ್ದಕ್ಕೆ ಎದುರಾಡಬಾರದೆಂದು ಅವರಿಗೆ ತರಬೇತಿ ಇರುತ್ತದಂತೆ.

ರಾತ್ರಿಯ ಊಟಕ್ಕೆ ಬಂದಾಗ ಮೂವರಿಗೆ ಮೇಜು ಸಿದ್ಧವಾಗಿತ್ತು. ಅಂತೋನ್ ಅತ್ತೆಯ ಕುರ್ಚಿ ಎಳೆದ, ನನ್ನದನ್ನು ಎಳೆದ, ಮೂರನೆಯದನ್ನೂ ಎಳೆದು, ಯಾರೋ ಕುಳಿತುಕೊಳ್ಳುವಷ್ಟು ಹೊತ್ತು ಕಾದು, ಮೆಲ್ಲಗೆ ಮುಂದಕ್ಕೆ ತಳ್ಳಿದ. ಸೂಪು ಬಂತು, ಆವಿಯಾಡಿತು, ಹೋಯಿತು. ರೊಟ್ಟಿ ಬಂತು, ಹೋಯಿತು. ಒಮ್ಮೆ ಬಗ್ಗಿ, ಕುರ್ಚಿಯ ಕಿವಿ ಇರಬಹುದಾದ ಎತ್ತರದಲ್ಲಿ ಏನೋ ಕೇಳಿ, ‘ಸರಿ ಸರ್’ ಎಂಬಂತೆ ತಲೆಯಾಡಿಸಿ, ಅನ್ನದ ಬದಲು ಮೊಸರನ್ನ ತಂದಿಟ್ಟ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ, ಪರಸ್ಥಳವೆಂದು ತಾಟು ಎತ್ತಿದ ಸದ್ದನ್ನೇ ಸಾಕೆಂದುಕೊಂಡು ತಿರುಗಿ, ಸಮಾಧಾನದಿಂದ ಉಂಡಳು. ಮೊಸರನ್ನ ನನಗೂ ಇಷ್ಟ. ಆದರೆ ನನ್ನನ್ನು ಕೇಳಿದವರಿಲ್ಲ.

ಊಟದ ನಂತರ ಮನರಂಜನೆ. ನಮ್ಮ ಕಡೆ ನಾಟಕ ಕಂಪನಿ ಬಂದರೆ ಜನ ಶಿಳ್ಳೆ ಹೊಡೆಯುತ್ತಾರೆ, ಬೇಸರವಾದರೆ ಎದ್ದು ಚಹಾಕ್ಕೆ ಹೋಗುತ್ತಾರೆ, ಖಳನಾಯಕನನ್ನು ಬೈಯುತ್ತಾರೆ. ಇಲ್ಲಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿ ಒಟ್ಟಿಗೆ ನಿಲ್ಲಿಸುತ್ತಿದ್ದರು. ನಮಗಾಗಿ ಮೂರು ಆಸನ ಕಾದಿರಿಸಿದ್ದರು. ಜಾದೂಗಾರ ಇಸ್ಪೀಟಿನ ಎಲೆಗಳನ್ನು ಬೀಸಣಿಗೆಯಂತೆ ಹಿಡಿದು ಕೆಳಗಿಳಿದು ಬಂದ. ನನ್ನ ಮುಂದೆ ಹಿಡಿಯುತ್ತಾನೆಂದು ಹೆದರಿ ತಲೆ ತಗ್ಗಿಸಿದೆ. ಅವನು ನನ್ನನ್ನು ದಾಟಿ, ಮೂರನೆಯ ಆಸನದ ಮುಂದೆ ಹಿಡಿದು ಕಾದು, “ಥ್ಯಾಂಕ್ ಯೂ ಸರ್,” ಎಂದು ವೇದಿಕೆಗೆ ಹೋದ. ಎಲೆಗಳನ್ನು ಕಲಸಿ, ಒಂದನ್ನು ಎತ್ತಿ ತೋರಿಸಿ, “ಇದೇ ತಾನೇ ಸರ್?” ಎಂದ. ಇಡೀ ಸಭಾಂಗಣ ಆ ಆಸನದ ಕಡೆ ತಿರುಗಿತು. ಆಮೇಲೆ ಅವನು ನಡು ಬಗ್ಗಿಸಿ ನಮಸ್ಕರಿಸಿದ, ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸಭೆಯಲ್ಲಿ ಒಬ್ಬಳೇ ಸುಮ್ಮನೆ ಕೂರುವ ಧೈರ್ಯ ನನಗಿಲ್ಲ.

ಕೋಣೆಗೆ ಬಂದರೆ ಗೋಡೆಯೊಳಗಿಂದ ಮೂರನೆಯ ಹಾಸಿಗೆಯೊಂದು ಹೊರಬಂದಿತ್ತು. ಹೊದಿಕೆಯ ಒಂದು ಮೂಲೆ ಮಡಚಿತ್ತು, ಕೆಳಗೆ ಗಂಡಸರ ಅಳತೆಯ ಬಿಳಿ ಚಪ್ಪಲಿ. ಅತ್ತೆ ಹೌಹಾರಿದಳು. “ಎಷ್ಟ ಛಲೋ ಹುಡುಗ ಇದ್ರೂ ಇದು ಆಗಂಗಿಲ್ಲ! ಹೆಣ್ಮಕ್ಕಳ ಖೋಲ್ಯಾಗ! ಊಟ ಬ್ಯಾರೆ, ಇದು ಬ್ಯಾರೆ. ಮೊದಲ ಒಳಗ ತಳ್ಳಬೇ ಅದನ್ನ!” ತಳ್ಳುವಾಗ ನೋಡಿದೆ: ದಿಂಬಿನ ನಡುವೆ ತಲೆಯಿಟ್ಟಷ್ಟು ತಗ್ಗು. ಹೊಸ ದಿಂಬುಗಳು ಹಾಗೇ ಇರಬಹುದು. ವಿಜ್ಞಾನ ಓದಿದವಳು ನಾನು. ಅಂಗೈಯಿಂದ ಆ ತಗ್ಗನ್ನು ಸರಿಮಾಡಿ ಒಳಗೆ ತಳ್ಳಿದೆ. ಮುಟ್ಟಿದಾಗ ದಿಂಬು ಬೆಚ್ಚಗಿತ್ತೋ ಎಂದು ನನ್ನನ್ನು ಕೇಳಬೇಡಿ.

ಕೊನೆಯ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿದೆ. ಇದನ್ನು ಹುಟ್ಟಿಸಿದವಳು ನಾನು, ಮುಗಿಸಬೇಕಾದವಳೂ ನಾನೇ; ಒಬ್ಬ ನಿಜವಾದ ಮನುಷ್ಯನನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿ ಉಣ್ಣಿಸಿದರೆ ಅತ್ತೆಯ ಪದ್ಧತಿಯೂ ಉಳಿಯುತ್ತದೆ, ನನ್ನ ನಿದ್ದೆಯೂ ಉಳಿಯುತ್ತದೆ. ಅತ್ತೆ ಗುಳಿಗೆ ನುಂಗಿ, ತಾಟು ಬಡಿಸಿಟ್ಟು, ಕಡಲಿಗೆ ಮುಖ ಮಾಡಿದಳು. ತನ್ನ ತಾಟನ್ನು ಆಕೆ ಮುಟ್ಟಿರಲಿಲ್ಲ. ನಾನು ಸಭಾಂಗಣದ ಆ ತುದಿಯಲ್ಲಿ ಒಂಟಿಯಾಗಿ ನಿಂತಿದ್ದ ಅಂತೋನನ ಬಳಿಗೆ ನಡೆದು, ಜೀವಮಾನದಲ್ಲಿ ಮೊದಲ ಸಲ ಒಬ್ಬ ಅಪರಿಚಿತನೊಂದಿಗೆ ಪೂರ್ಣ ವಾಕ್ಯದಲ್ಲಿ ಮಾತಾಡಿದೆ. “ಅಂತೋನ್, ನೀವು ಬಂದು ನಮ್ಮ ಮೇಜಿನಲ್ಲಿ ಕೂತು ಊಟ ಮಾಡಬೇಕು. ಆ ಕುರ್ಚಿ ಮೊದಲಿನಿಂದಲೂ ಖಾಲಿಯಿದೆ.”

ಅವನ ನಗು ಮೊದಲ ಸಲ ಪೂರ್ತಿಯಾಯಿತು. “ನಾವು ಅತಿಥಿಗಳ ಜೊತೆ ಕೂರುವಂತಿಲ್ಲ ಮೇಡಂ,” ಎಂದು ನನ್ನ ಭುಜದ ಮೇಲಿಂದ ಆಚೆ ನೋಡಿ, ದನಿ ತಗ್ಗಿಸಿ, “ಅಲ್ಲದೆ ಸರ್ ಊಟ ಮಾಡುತ್ತಿದ್ದಾರಲ್ಲ. ಎಬ್ಬಿಸುವುದು ಹೇಗೆ?” ಎಂದ.

ಹಿಂದೆ ನೀರು ಸುರಿದ ಸದ್ದು. ಆಮೇಲೆ ಪಿಂಗಾಣಿಯ ಮೇಲೆ ಬೆರಳು ಆಡಿದ ಸದ್ದು, ನಿಧಾನವಾಗಿ, ಅಂಚಿನ ಉದ್ದಕ್ಕೂ. ತಿರುಗಿ ನೋಡಿದೆ. ಮೇಜಿನಲ್ಲಿ ಅತ್ತೆಯೊಬ್ಬಳೇ, ಇನ್ನೂ ಕಡಲಿಗೆ ಮುಖ ಮಾಡಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಳೆ. ಮೂರನೆಯ ತಾಟಿನಲ್ಲಿ ಒಂದು ಅಗುಳಿಲ್ಲ. ತೊಳೆದು ಕುಡಿದ ತಾಟಿನ ನಡುವೆ ಉಳಿಯುವ ಒಂದು ತೆಳು ಹೊಳಪು ಮಾತ್ರ. ಅತ್ತೆ ಈ ಕಡೆ ತಿರುಗಿ ತಾಟನ್ನು ನೋಡಿ, “ನೋಡಿದೇನು? ತೊಳಕೊಂಡು ಕುಡದಾನ. ನಮ್ಮ ಕಡಿಯವನ ಹೌದು ಅಂದಿದ್ಯಲ್ಲ, ಖರೇ ಅದ,” ಎಂದು ಸಂತೋಷದಿಂದ ತನ್ನ ಚಪಾತಿ ಮುರಿದಳು.

ಹಡಗಿನಿಂದ ಇಳಿಯುವಾಗ ಅಂತೋನ್ ಮೆಟ್ಟಿಲ ಬಳಿ ನಿಂತು ಎಲ್ಲರಿಗೂ ನಮಸ್ಕರಿಸುತ್ತಿದ್ದ. ಅತ್ತೆಗೆ ಕೈಮುಗಿದ. ನನಗೆ ಕೈಮುಗಿದ. ನಾನು ದಾಟಿ ಹೋದ ಮೇಲೆ, ನನ್ನ ಹಿಂದೆ, ಇನ್ನೊಮ್ಮೆ ಕೈಮುಗಿದ. ನಮ್ಮ ಹಿಂದೆ ಸಾಲಿನಲ್ಲಿ ಯಾರೂ ಇರಲಿಲ್ಲ.

ಆಳಂದದ ಮನೆಯಲ್ಲಿ ಅಪ್ಪ ಮೊದಲು ಕೇಳಿದ್ದು ಅಕ್ಕನ ಊಟದ ವಿಚಾರ. “ಒಂದ ಹೊತ್ತೂ ತಡಾ ಆಗಿಲ್ಲೋ ತಮ್ಮಾ,” ಎಂದಳು ಅತ್ತೆ. ಅಮ್ಮ ಒಳಗಿನ ಅಡುಗೆಮನೆಯಲ್ಲಿ ತಾಟುಗಳಿಗೆ ಬಡಿಸಿಟ್ಟು ಬಂದು, ಕರೆಯಲು ನಮ್ಮ ಬಳಿ ನಿಂತರು. ಆದರೆ ಅತ್ತೆಗೆ ಹೇಳುವುದು ಇನ್ನೂ ಇತ್ತು. “ಅಲ್ಲಿ ಒಬ್ಬ ಹುಡುಗ ಇದ್ದ. ನಾ ಮಾರಿ ನೋಡಿಲ್ಲ, ಊಟ ನೋಡೀನಿ. ಒಂದು ಅಗಳ ಚೆಲ್ಲಂಗಿಲ್ಲ, ಒಂದು ಮಾತ ಹೆಚ್ಚಿಗಿ ಆಡಂಗಿಲ್ಲ, ಬಂದದ್ದೂ ಗೊತ್ತಾಗಂಗಿಲ್ಲ, ಹೋದದ್ದೂ ಗೊತ್ತಾಗಂಗಿಲ್ಲ. ನಮ್ಮ ಹುಡಗಿಗಿ ಹೇಳಿ ಮಾಡಿಸಿದಂಗ ಅದಾನ. ಊರು ಕೇಳಬೇಕಿಲ್ಲೋ ಈಕಿ? ಇಷ್ಟ ಕಲ್ತು ಏನು ಮಾಡಿದ್ಲು!”

ಅಮ್ಮನ ಕಣ್ಣುಗಳು ಮಿಂಚಿದವು. ನನಗೆ ವರ ಹುಡುಕಿ ಹುಡುಕಿ ಸೋತವರು ಅವರು. “ಹೌದೇನಬೇ? ಖರೇನ ಅಂಥವ ಇದ್ದನೇನು?”

ಮೂವರೂ ನನ್ನನ್ನೇ ನೋಡುತ್ತಿದ್ದರು. ಒಂದು ಪೂರ್ಣ ವಾಕ್ಯ ಹೇಳಬೇಕಾದ ಹೊತ್ತು ಇದೇ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೆ. ‘ಅಲ್ಲಿ ಯಾರೂ ಇರಲಿಲ್ಲ.’ ಬಾಯಿ ತೆರೆದೆ. ಆಗ ಒಳಗೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ, ಸ್ಟೀಲಿನ ತಾಟಿಗೆ ನೀರು ಸುರಿದ ಸದ್ದಾಯಿತು. ಆಮೇಲೆ ಅದರ ಅಂಚಿನಲ್ಲಿ ಬೆರಳಾಡಿಸುವ ಸದ್ದು.

“ಹ್ಞೂಂ,” ಎಂದು ಕೇಳಿಸಿತು. ನಾನೇ ಅಂದಿರಬೇಕು.