ಗಾಬರಿಯಾಗಬೇಡಿ ಎಂದು ಹೇಳುವವನು

ಊರಿಗೆ ಧೈರ್ಯ ಹೇಳುವ ಕೆಲಸಕ್ಕೆ ಪುಕ್ಕಲನನ್ನೇ ನೇಮಿಸಬೇಕು ಎಂಬುದು ನನ್ನ ಅಭಿಪ್ರಾಯ. ಧೈರ್ಯವಂತನಿಗೆ ಅಪಾಯ ಕಾಣುವುದೇ ಇಲ್ಲ. ನನ್ನಂಥವನಿಗೆ ಅಪಾಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಪಣಂಬೂರಿನ ಕಾರ್ಖಾನೆಗಳ ಕಡೆಯಿಂದ ಪಾಳಿಯ ಸೈರನ್ ಕೇಳಿದರೆ ಉಳಿದವರು ಗಡಿಯಾರ ನೋಡುತ್ತಾರೆ, ನಾನು ಬಾಗಿಲು ನೋಡುತ್ತೇನೆ. ಲಿಫ್ಟು ಹತ್ತುವುದಿಲ್ಲ. ಹೆಂಡತಿ ಲಿಲ್ಲಿ ನರ್ಸು, ಎಂಥ ಗಾಯ ಕಂಡರೂ ಕದಲದವಳು. "ನಿಮಗೆ ಈ ಕೆಲಸ ಕೊಟ್ಟವರ ಧೈರ್ಯ ಮೆಚ್ಚಬೇಕು" ಎನ್ನುತ್ತಾಳೆ. ಕೊಟ್ಟದ್ದು ಮಂಗಳೂರಿನ ಒಂದು ಸಣ್ಣ ಪರಿಹಾರ ಸಂಸ್ಥೆ. ನೆರೆ ಬಂದರೆ ಜನ ಎಲ್ಲಿಗೆ ಹೋಗಬೇಕು, ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಯೋಜನೆ ಬರೆಯುವುದು ನನ್ನ ಉದ್ಯೋಗ.

ಆ ಯೋಜನೆಯಲ್ಲಿ ನನಗೆ ಹೆಮ್ಮೆಯಿದ್ದದ್ದು ಮೈಕಿನ ಘೋಷಣೆಯ ಬಗ್ಗೆ. ಕೂಳೂರಿನ ಹತ್ತಿರ ನದಿ ದಡದಲ್ಲಿ ಒಂದು ತಗ್ಗು ಓಣಿ ಉಂಟು. ನೀರು ಏರುವ ಮೊದಲೇ ಅಲ್ಲಿ ಆಟೋಗೆ ಮೈಕ್ ಕಟ್ಟಿ ಕೂಗುವುದು, ಜನ ಮೇಲಿನ ಶಾಲೆಗೆ ಬರುವುದು. ಘೋಷಣೆಯನ್ನು ನಾನೇ ಬರೆದು, ಒಳ್ಳೆಯ ಕಂಠದವರೊಬ್ಬರಿಂದ ಓದಿಸಿ, ಪೆನ್‌ಡ್ರೈವಿಗೆ ಹಾಕಿಸಿದ್ದೆ. "ಮಾನ್ಯ ನಾಗರಿಕರೇ, ಗಾಬರಿಯಾಗುವ ಅಗತ್ಯವಿಲ್ಲ" ಎಂದು ಅದರ ಆರಂಭ. ಅಣಕು ಕಾರ್ಯಾಚರಣೆಯ ದಿನ ಆಟೋ ಮೂರು ಸುತ್ತು ಹೊಡೆದರೂ ಒಂದು ನರಪಿಳ್ಳೆ ಹೊರಬರಲಿಲ್ಲ. ಕೊನೆಯ ಮನೆಯ ಅಪ್ಪಿಯಕ್ಕ ಜಗಲಿಯಲ್ಲಿ ಮಂಡಿನೋವಿನ ಕಾಲು ಚಾಚಿ ಬೀಡಿ ಕಟ್ಟುತ್ತಿದ್ದರು. ಕ್ರೈಸ್ತನಾದ ನನ್ನನ್ನು ಅವರು ಇಲ್ಲಿಯ ವಾಡಿಕೆಯಂತೆ 'ಪೊರ್ಬು' ಎನ್ನುವುದು.

"ಯಾಕೆ ಬರಲಿಲ್ಲ?" ಎಂದು ಕೇಳಿದೆ.

"ಗಾಬರಿ ಬೇಡ ಅಂತ ನೀವೇ ಹೇಳಿದ್ದಲ್ವಾ ಪೊರ್ಬುಗಳೇ? ಹಾಗೆ ನಾನು ಗಾಬರಿ ಮಾಡ್ಲಿಲ್ಲ" ಎಂದರು.

ನಮ್ಮ ಮುಖ್ಯಸ್ಥೆ ಸುಜಾತಕ್ಕ ಸಭೆಯಲ್ಲಿ ಆ ವಾಕ್ಯ ತೆಗೆಯಿರಿ ಎಂದರು. ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಜನ ಗಾಬರಿಯಾದರೆ ನನಗೆ ಅವರಿಗಿಂತ ಹೆಚ್ಚು ಗಾಬರಿಯಾಗುತ್ತದೆ ಎಂಬ ಕಾರಣವನ್ನು ಮಾತ್ರ ಹೇಳಲಿಲ್ಲ.

ಆ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ನದಿ ನಿಜವಾಗಿಯೂ ಏರಿತು. ಘಟ್ಟದ ಕಡೆ ಮಳೆ ನಿಂತಿರಲಿಲ್ಲ, ಸಂಜೆಗೆ ಕಡಲಿನ ಉಬ್ಬರ ಬೇರೆ. ಸುಜಾತಕ್ಕ ಶಾಲೆಯಲ್ಲಿ ಗಂಜಿಯ ಏರ್ಪಾಡಿಗೆ ನಿಂತು, ನನ್ನನ್ನು ಉಮೇಶನ ಆಟೋದಲ್ಲಿ ಓಣಿಗೆ ಕಳಿಸಿದರು. ಪೆನ್‌ಡ್ರೈವ್ ಹಾಡತೊಡಗಿತು. ಕಿಟಕಿಯಿಂದ ಇಣುಕಿದವರು "ಓ, ಇವರಾ" ಎಂದು ಕಿಟಕಿ ಹಾಕಿಕೊಂಡರು. ಒಳಗೆ ಮಕ್ಕಳಿದ್ದರು, ಅಪ್ಪಿಯಕ್ಕ ಓಡಲಾರದವರು. ಹಟ ಹಿಡಿದು ಉಳಿಸಿಕೊಂಡ ನನ್ನ ವಾಕ್ಯವೇ ಇವರನ್ನು ಮುಳುಗಿಸುತ್ತದೆ ಎಂದು ಆಗ ಹೊಳೆಯಿತು. ಅಷ್ಟು ಹೆದರಿದ್ದು ಜೀವಮಾನದಲ್ಲಿ ಅದೇ ಮೊದಲು. ಪೆನ್‌ಡ್ರೈವ್ ನಿಲ್ಲಿಸಿ ಮೈಕನ್ನು ಕೈಗೆತ್ತಿಕೊಂಡೆ. ಒಂದು ಗಂಭೀರವಾದ ವಾಕ್ಯಕ್ಕಾಗಿ ತಡಕಾಡುತ್ತಿದ್ದಾಗ ಆಟೋದೊಳಗೆ ತಣ್ಣಗಿನ ನೀರು ಬಂದು ನನ್ನ ಪಾದ ಮುಟ್ಟಿತು.

"ದೆವಾ! ನೀರು ಬಂತು ಮಾರಾಯ್ರೇ! ಉಮೇಶ, ತಿರುಗಿಸು! ನನಗೆ ಈಜ್ಲಿಕ್ಕೆ ಬರುವುದಿಲ್ಲ!"

ಮೈಕ್ ಚಾಲೂ ಇತ್ತು. ಬಾಗಿಲುಗಳು ಪಟಪಟನೆ ತೆರೆದವು. ಅಪ್ಪಿಯಕ್ಕ ಕೋಲೂರುತ್ತಾ ಬಂದು, ಆಟೋ ಹತ್ತಿ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಎಂತ ಪೊರ್ಬುಗಳೇ, ಮಕ್ಕಳ ಹಾಗೆ? ನಾವೆಲ್ಲ ಇಲ್ವಾ?" ಎಂದು ನನಗೆ ಹೇಳಿ, ಹೊರಗೆ ತಲೆ ಹಾಕಿ ಕೂಗಿದರು: "ಬನ್ನಿ ಎಲ್ಲರೂ, ಪಾಪ ಇವರನ್ನು ಶಾಲೆಗೆ ಮುಟ್ಟಿಸುವ!" ಮಕ್ಕಳನ್ನು ಎತ್ತಿಕೊಂಡು ಓಣಿಗೆ ಓಣಿಯೇ ನಮ್ಮ ಹಿಂದೆ ನಡೆಯಿತು. ಸಂಜೆ ಅಲ್ಲಿ ಎದೆಯುದ್ದ ನೀರು ನಿಂತಿತು; ಅದರೊಳಗೆ ಯಾರೂ ಇರಲಿಲ್ಲ. ಶಾಲೆಯ ಬೆಂಚಿನ ಮೇಲೆ ಕೂತು ನಾನು ಅತ್ತುಬಿಟ್ಟೆ.

ಸುಜಾತಕ್ಕ ನಾನೇ ತಯಾರಿಸಿದ ನಮೂನೆಯಲ್ಲಿ ರಕ್ಷಿಸಲ್ಪಟ್ಟವರ ಪಟ್ಟಿಯನ್ನು ಅಪ್ಪಿಯಕ್ಕನಿಂದ ಕೇಳಿ ಬರೆದುಕೊಂಡರು. ಇಣುಕಿ ನೋಡಿದೆ. ಮೊದಲ ಸಾಲಿನಲ್ಲಿ ನನ್ನ ಹೆಸರು; 'ಕರೆತಂದವರು' ಎಂಬಲ್ಲಿ ಅಪ್ಪಿಯಕ್ಕ. ತಿದ್ದಬೇಕೆಂದು ಪೆನ್ನು ಕೇಳಿದೆ. "ಗಾಬರಿಯಾಗುವ ಅಗತ್ಯವಿಲ್ಲ" ಎಂದು ಸುಜಾತಕ್ಕ ಕೊಡಲಿಲ್ಲ.