ಗಾಳಿ ಸಾಫ್ ಮಾಡುವವ

ಸೆಂಟ್ರಲ್ ಏಸಿಯ ಗಾಳಿ ಹರಿಯುವ ತಗಡಿನ ಡಕ್ಟಿನೊಳಗೆ ತೆವಳಿ ಧೂಳು ತೆಗೆಯುವುದು ನನ್ನ ಕೆಲಸ. ಓದಿದ್ದು ತತ್ತ್ವಶಾಸ್ತ್ರದಲ್ಲಿ ಎಂ.ಎ.; ಎರಡರಲ್ಲೂ ಕತ್ತಲೆಯೇ ಹೆಚ್ಚು. ಹೈದರಾಬಾದಿಗೆ ಬಂದು ಮೂರು ವರ್ಷವಾದರೂ ಕನ್ನಡದಲ್ಲಿ ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲ. ಹಾಗಾಗಿ ಡಕ್ಟಿನೊಳಗೆ ನನ್ನೊಂದಿಗೇ ಮಾತಾಡುತ್ತಿದ್ದೆ. ಉತ್ತರಕ್ಕೆ ತಗಡು ಗುಂಯ್ ಎನ್ನುತ್ತಿತ್ತು, ಅಷ್ಟಾದರೂ ಆಯಿತು. ಅವಾಂತರಗಳಾಗಲು ಇಷ್ಟು ಸಾಕು.

೧. ಗೇಟು

ಕೊಂಡಾಪುರದ ಆಫೀಸೊಂದರ ವಾಚ್‌ಮನ್ ತಡೆದ. "ಕ್ಯಾ ಕಾಮ್?"

ಬಾಯಿತಪ್ಪಿ ಹಿಂದಿಯೊಳಗೆ ಕನ್ನಡ ನುಗ್ಗಿತು. "ಗಾಳಿ ಕಾ ಕಾಮ್."

ಅವನ ಕಿವಿಗೆ ಅದು 'ಗಾಲಿ', ಅಂದರೆ ಬೈಗುಳ. "ಮ್ಯಾನೇಜರ್ ಕೋ? ತೀಸ್ರಾ ಫ್ಲೋರ್," ಎಂದು ಗೇಟು ತೆಗೆದ. ತನ್ನ ಕಡೆಯಿಂದಲೂ ಎರಡು ಕೊಡಲು ಹೇಳಿದ.

೨. ಕೇಕು

ಅದೇ ಮೂರನೇ ಮಹಡಿ. ನಾನು ಡಕ್ಟಿನಲ್ಲಿ, ಕೆಳಗೆ ಯಾರದೋ ಹುಟ್ಟುಹಬ್ಬದ ಹಾಡು. ಅವತ್ತು ನನ್ನದೂ ಹುಟ್ಟುಹಬ್ಬ; ಗೊತ್ತಿದ್ದವನು ನಾನೊಬ್ಬನೇ. ನೋಡೋಣವೆಂದು ಜಾಲರಿ ಸರಿಸಿದೆ. ಗುಡ್ಡೆಹಾಕಿದ್ದ ಧೂಳೆಲ್ಲ ಕೇಕಿನ ಮೇಲಿಳಿಯಿತು. ಅಷ್ಟೂ ಜನ ತಲೆಯೆತ್ತಿ ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ನನ್ನನ್ನು ಹರಸಿದರು. ಕನ್ನಡದ್ದೊಂದು ಬಂದೀತೆಂದು ಕಾದೆ. ಬರಲಿಲ್ಲ.

ಹೊರಡುವಾಗ ವಾಚ್‌ಮನ್ ಕೇಳಿದ, ಕೊಟ್ಟೆಯಾ ಎಂದು.

ತಗೊಂಡೆ ಎಂದೆ.

೩. ಮಂಗಳವಾರ

ಆಮೇಲೊಂದು ದೊಡ್ಡ ಮನೆ. ಎಂದಿನಂತೆ ಡಕ್ಟಿನೊಳಗೆ ಗೊಣಗುತ್ತಿದ್ದೆ. ಕೆಳಗಿನಿಂದ ಮುದಿದನಿ: "ಯಾರ್ರೀ ಅದು, ಮ್ಯಾಲೆ ಕನ್ನಡ ಮಾತಾಡಾಕತ್ತಾರ?"

ಬ್ರಶ್ಶು ಕೈಜಾರಿತು. "ನಾನ್ರೀ ಅಮ್ಮಾರ, ಗಾಳಿ ಸಾಫ್ ಮಾಡಾವ."

"ಗಾಳಿ ಬಿಡಸಾವರಾ! ಛಲೋ ಆತು, ಬರ್ರಿ. ನಮ್ಮ ಅಳಿಯಗ ಭಾಳ ಹಿಡದೈತಿ. ಕಿವ್ಯಾಗ ಏನೋ ಸಿಗಿಸಿಕೊಂಡು ಒಬ್ಬನ ಮಾತಾಡತಾನ, ಒಬ್ಬನ ನಗತಾನ."

ಇಳಿದುಬಂದೆ. ರಾಯಚೂರು ಕಡೆಯ ಅಜ್ಜಿ. ದೆವ್ವವಿಲ್ಲ, ಅಳಿಯನದು ಆಫೀಸಿನ ಮೀಟಿಂಗು, ನನ್ನದು ಬರೀ ಧೂಳು ಎಂದು ತರ್ಕಬದ್ಧವಾಗಿ ವಿವರಿಸಿದೆ. ಅಜ್ಜಿ ನನ್ನ ಕರಿಮುಖವನ್ನೇ ನೋಡುತ್ತಿದ್ದರು.

"ಅದಿರಲಿ ತಮ್ಮಾ. ನೀ ಮ್ಯಾಲೆ ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಯಾರ ಜೋಡಿನೂ ಇಲ್ಲರಿ."

"ಹಂಗಾರ ನಿನಗೂ ಹಿಡದೈತಿ. ಕುಂದರು."

ಕುಂತೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿದರು. ಊರು, ಮನೆತನ, ಮದುವೆ ಯಾಕಿಲ್ಲ, ಎಲ್ಲ ವಿಚಾರಿಸಿದರು. ಚಹಾ ಕೊಟ್ಟರು. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ.

"ಒಮ್ಮೆಗೆ ಹೋಗೂದಿಲ್ಲ ಇದು. ಮೂರು ಮಂಗಳವಾರ ಬರಬೇಕು."

"ಮೂರು ಸಾಲೂದಿಲ್ಲರಿ ಅಮ್ಮಾರ," ಎಂದೆ. "ಭಾಳ ಹಳೇ ಗಾಳಿ."