ಮುಲುಂಡಿನ ಮಾಲೀಕ, ವಡಾಲದ ಬಾಡಿಗೆದಾರ

ನಾಚಿಕೆಗೇಡಿನ ಪ್ರಸಂಗಗಳು ಬೇರೆಯವರ ಮನೆಗೆ ಹೋಗುತ್ತವೋ ಇಲ್ಲವೋ ಗೊತ್ತಿಲ್ಲ, ನನ್ನ ಮನೆಗಂತೂ ಹಾಲಿನವನಿಗಿಂತ ತಪ್ಪದೆ ಬರುತ್ತವೆ. ಅದರಲ್ಲೂ ನಾನು ಮನೆ ಮಾಲೀಕನಾದ ಮೇಲೆ ಅವುಗಳಿಗೆ ಒಂದು ರಜೆಯೂ ಇಲ್ಲ. ಮುಂಬಯಿಯಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವ ವಿದ್ಯೆ ಕಲಿಯಬೇಕೆನ್ನುವ ತರುಣರು ಧಾರಾಳವಾಗಿ ನನ್ನ ಬಳಿ ಬರಲಿ. ನಾನು ಮಾಡಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೆ ಸಾಕು, ಅವರು ಕುಬೇರರಾಗುವುದು ಖಂಡಿತ.

ಹಿನ್ನೆಲೆ ಇಷ್ಟೆ. ಧಾರವಾಡದಿಂದ ಬಂದ ನಾನು ಮೂವತ್ತು ವರ್ಷ ವಡಾಲದಲ್ಲೇ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ-ಪಡಗ ಹೊತ್ತುಕೊಂಡು ತಿರುಗಿದವನು. ನಿವೃತ್ತಿಯ ದುಡ್ಡಿನಲ್ಲಿ ಮುಲುಂಡಿನ ಒಂದು ಹಳೆಯ ಹೌಸಿಂಗ್ ಸೊಸೈಟಿಯಲ್ಲಿ ಸಣ್ಣ ಫ್ಲ್ಯಾಟ್ ಕೊಂಡೆ.

"ಅಂತೂ ನಮ್ಮದು ಅಂತ ಒಂದು ಮನಿ ಆತು. ನಾಳೆನ ಸಾಮಾನು ಕಟ್ಟೋಣ್ರಿ" ಅಂದಳು ಹೆಂಡತಿ.

ನಾನು ಕೈ ಎತ್ತಿ ತಡೆದೆ. "ತಡಿ. ನಿನ್ನ ಗಂಡ ಈಗ ಇನ್ವೆಸ್ಟರ್. ಮೊದಲ ಇದನ್ನ ಬಾಡಿಗಿ ಕೊಡೋಣು. ಆ ಬಾಡಿಗಿಯಿಂದ ಇನ್ನೊಂದು, ಅದರಿಂದ ಮತ್ತೊಂದು..."

ಆಕೆ ಒಂದು ಬೆರಳೆತ್ತಿದಳು. "ಹನ್ನೊಂದು ತಿಂಗಳ ಅಗ್ರಿಮೆಂಟು. ಒಂದ ಸಲ. ಅದು ಮುಗಿದ ಮರುದಿನ ನಾ ನನ್ನ ಮನ್ಯಾಗ ಇರ್ತೀನಿ. ನೀವು ಎಲ್ಲಿರ್ತೀರಿ ಅನ್ನೋದು ನಿಮಗ ಬಿಟ್ಟಿದ್ದು."

ಮೊದಲ ಗಿರಾಕಿ

ಬ್ರೋಕರ್ ಒಂದು ಎಳೆಯ ಜೋಡಿಯನ್ನು ಕರೆತಂದ. ಹುಡುಗನಿಗೆ ಬಾಂದ್ರಾದಲ್ಲಿ ಆಫೀಸು. ನಮ್ಮ ಕನ್ನಡದವನೇ, ಆದರೆ ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅವನ ಕನ್ನಡ ಆಗಾಗ ಹಿಂದಿಯ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತದೆ.

ಫ್ಲ್ಯಾಟಿನ ಬಾಗಿಲು ತೆರೆಯಿತು ನೋಡಿ, ಮೂವತ್ತು ವರ್ಷದ ಚಾಳಿ ನನ್ನನ್ನು ಒಳಗೆ ನೂಕಿತು. ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. "ನೀರಿನ ಜೋರು ಏನೂ ಸಾಲದು" ಎಂದು ಘೋಷಿಸಿದೆ. ಬೆಡ್‌ರೂಮಿನ ಗೋಡೆಯನ್ನು ಬೆರಳಿನಿಂದ ತಟ್ಟಿ, "ಇಲ್ಲಿ ನೋಡು ತಮ್ಮಾ, ತೇವ! ಮಳೆಗಾಲದಲ್ಲಿ ಇದು ಪೂರ್ತಿ ಒಳಗೆ ಇಳಿಯುತ್ತದೆ" ಎಂದು ಹುಡುಗನನ್ನು ಎಚ್ಚರಿಸಿದೆ. ಬ್ರೋಕರ್ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ.

"ಕಾಕಾ, ನೀವು ಯಾರ ಕಡೆ?"

"ನಾನು ಪ್ರಾಮಾಣಿಕ ಮಾಲೀಕ" ಅಂದೆ, ಎದೆ ಉಬ್ಬಿಸಿ.

ಆಮೇಲೆ ಬ್ರೋಕರ್ ಬಾಡಿಗೆ ಎಷ್ಟು ಅಂತ ಹೇಳಿದ. ಬೆಳಿಗ್ಗೆ ನಾನೇ ಅವನಿಗೆ ಹೇಳಿಕೊಟ್ಟ ಬಾಡಿಗೆ ಅದು. ಹುಡುಗ ಇನ್ನೂ ಬಾಯಿ ತೆರೆದಿರಲಿಲ್ಲ, ನನ್ನ ಬಾಯಿ ತೆರೆದಿತ್ತು: "ಅಯ್ಯಯ್ಯೋ, ಬಹಳ ಆಯಿತು! ಸ್ವಲ್ಪ ನೋಡಿ ಹೇಳ್ರಿ!"

ಬ್ರೋಕರ್ ಹಣೆ ಒರೆಸಿಕೊಂಡು ಇಳಿಸಿದ. ಹೋಗುವಾಗ ಹುಡುಗ ನನ್ನ ಕೈ ಹಿಡಿದು ಕುಲುಕಿದ. "ಥ್ಯಾಂಕ್ಯೂ ಅಂಕಲ್, ನೀವು ಇದ್ದಿದ್ದು ಒಳ್ಳೇದಾಯ್ತು. ನೀವೂ ಇದೇ ಮನೆ ನೋಡೋಕೆ ಬಂದಿದ್ರಾ?"

ಮಾಲೀಕನ ಕೆಮ್ಮು

ವಡಾಲದ ನಮ್ಮ ಶೇಠ್‌ಜೀ, ಅಂದರೆ ನಮ್ಮ ಮನೆ ಮಾಲೀಕರು, ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಆಗಾಗ ಬಂದು, ಬಾಗಿಲಲ್ಲಿ ಒಮ್ಮೆ ಕೆಮ್ಮಿ, ಚಹಾ ಕುಡಿಯುತ್ತ ಕಣ್ಣಿನಲ್ಲೇ ಗೋಡೆ ಸವರುತ್ತಾರೆ. ಆ ಕೆಮ್ಮು ಕೇಳಿದರೆ ನಮ್ಮ ಕ್ಯಾಲೆಂಡರು ಕೂಡ ನಡುಗುತ್ತದೆ. ಪಾಪ, ಅದು ಫ್ರಿಜ್ಜಿಗೆ ಒರಗಿಕೊಂಡು ಕೂತಿರುತ್ತದೆ.

ಈಗ ನನ್ನ ಸರದಿ. ವಡಾಲದಿಂದ ಕುರ್ಲಾ, ಕುರ್ಲಾದಲ್ಲಿ ಗಾಡಿ ಬದಲಿಸಿ ಮುಲುಂಡ್. ದಾರಿಯುದ್ದಕ್ಕೂ ಲೋಕಲ್‌ನಲ್ಲಿ ಮಾಲೀಕನ ಕೆಮ್ಮು ಅಭ್ಯಾಸ ಮಾಡಿದೆ. ಪಕ್ಕದವನು ಮೂಗಿಗೆ ಕರವಸ್ತ್ರ ಹಿಡಿದು ಎದ್ದುಹೋದ, ನನಗೆ ಕಿಟಕಿ ಸೀಟು ಸಿಕ್ಕಿತು. ಆಸ್ತಿ ಮಾಡಿದ್ದರಿಂದ ನನಗಾದ ಮೊದಲ ಲಾಭ ಅದು.

ಬಾಗಿಲಲ್ಲಿ ಕೆಮ್ಮಿದೆ. ಒಳಗೆ ಹುಡುಗ ಸ್ಟೂಲಿನ ಮೇಲೆ ನಿಂತಿದ್ದ, ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ. ನಾನು ಇನ್ನೊಮ್ಮೆ, ಜೋರಾಗಿ ಕೆಮ್ಮಿದೆ.

"ಅರೇ ಅಂಕಲ್, ಪಾನಿ ಕೊಡಲಾ? ಆಮೇಲೆ ಜರಾ ನೋಡಿ, ನಮ್ಮ ಮದುವೆ ಫೋಟೋ ಸೀದಾ ಇದೆಯಾ?"

ಸೀದಾ ಇರಲಿಲ್ಲ. ವಕ್ರವಾಗಿ ತೂಗುಹಾಕಿದ್ದನ್ನು ನೋಡಿ ಸುಮ್ಮನಿರುವ ಮನುಷ್ಯ ನಾನಲ್ಲ. "ಇಳಿ ಕೆಳಗೆ" ಎಂದು ಗದರಿಸಿ ನಾನೇ ಹತ್ತಿದೆ. ಒಂದು ಮೊಳೆ ಬಗ್ಗಿತು. ಇನ್ನೊಂದು ಊಟದ ತಟ್ಟೆಯಷ್ಟು ಗಾರೆಯನ್ನು ಕಿತ್ತುಕೊಂಡು ಬಂತು. ಅದರ ಪಕ್ಕ ಹೊಡೆದದ್ದು ನಿಂತಿತು.

ಮನೆಯಲ್ಲಿ ಹೆಂಡತಿ ಕೇಳಿದಳು: "ಮೊಳಿ ಹೊಡೀಬ್ಯಾಡ ಅಂತ ಹೇಳಿ ಬಂದ್ರೇನು? ನಾಳೆ ನಾ ಇರೋ ಗ್ವಾಡಿ ಅದು."

"ಎಂಥಾ ಮಾತು! ಆ ಹುಡುಗನ ಕೈಯಿಂದ ಸುತ್ತಿಗೀನ ಕಸ್ಕೊಂಡೆ."

ಆಗ ಆಕೆಯ ಫೋನಿಗೆ ಒಂದು ಫೋಟೋ ಬಂತು. ಸ್ಟೂಲಿನ ಮೇಲೆ ನಾನು, ತಲೆತುಂಬ ಸುಣ್ಣ. ಕೆಳಗೆ ಹುಡುಗ ಬರೆದಿದ್ದ: "ಆಂಟಿ, ಅಂಕಲ್ ಬೆಸ್ಟ್ ಓನರ್. ಅವರು ಮಾಡಿದ ಹೋಲ್ ಯಾರು ರಿಪೇರಿ ಮಾಡಿಸೋದು, ಸ್ವಲ್ಪ ಕೇಳಿ ಹೇಳಿ."

ಗೀಸರ್

ಒಂದು ಬೆಳಿಗ್ಗೆ ಹುಡುಗನ ಫೋನು. "ಅಂಕಲ್, ಗೀಸರ್ ಬಂದ್ ಬಿದ್ದಿದೆ."

ಎಷ್ಟು ಚಳಿಗಾಲ ನಾವೂ ಹೀಗೆ ಅಂಗಲಾಚಿಲ್ಲ! "ಈ ಮಾಲೀಕರ ಹಣೆಬರಹವೇ ಇಷ್ಟು ತಮ್ಮಾ" ಅಂದೆ. "ಬಾಡಿಗೆ ಬೇಕು, ರಿಪೇರಿ ಬೇಡ. ಸುಮ್ಮನೆ ಬಿಡಬೇಡ. ದಿನಾ ಫೋನ್ ಮಾಡು. ಎತ್ತದಿದ್ದರೆ ಮನೆ ಬಾಗಿಲಿಗೇ ಹೋಗಿ ಕೂತುಬಿಡು!"

ನನ್ನ ಕೂಗಿಗೆ ಹೆಂಡತಿ ಸೌಟು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದಿದ್ದಳು.

"ಸರಿ ಅಂಕಲ್" ಅಂದ ಹುಡುಗ, ಬಹಳ ವಿನಯದಿಂದ. "ನಿಮ್ಮ ವಡಾಲದ ಅಡ್ರೆಸ್ ಕಳಿಸಿ."

ಉಪದೇಶ

ಮಾಟುಂಗಾದಲ್ಲಿ ನಮ್ಮವರ ಒಂದು ನಾಮಕರಣದ ಊಟ. ಪಂಕ್ತಿಯಲ್ಲಿ ಅಕ್ಕಪಕ್ಕ ಎಳೆಯ ಹುಡುಗರು. ನಾನು ಸುಮ್ಮನಿರುತ್ತೇನೆಯೆ?

"ಮಾಲೀಕ ಅಂದರೆ ಹುಲಿ ಇದ್ದಹಾಗಿರಬೇಕು" ಎಂದು ಹೋಳಿಗೆ ಮುರಿಯುತ್ತ ಶುರುಮಾಡಿದೆ. "ನೀವು ಫೋನ್ ಮಾಡಿದರೆ ಬಾಡಿಗೆದಾರ ಎಲ್ಲಿದ್ದರೂ ಎದ್ದು ನಿಂತು ಮಾತಾಡಬೇಕು. ಅಂಥ ಗತ್ತು ಬೇಕು."

ಹುಡುಗರು ಊಟ ಮರೆತು ಕೇಳುತ್ತಿದ್ದರು. ಆಗ ನನ್ನ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದೆ.

"ಹಾಂ ಶೇಠ್‌ಜೀ... ಇಲ್ಲ ಶೇಠ್‌ಜೀ... ಇನ್ನು ಮೇಲೆ ಬಟ್ಟೆ ಚೆನ್ನಾಗಿ ಹಿಂಡಿಯೇ ಒಣಹಾಕುತ್ತೇವೆ ಶೇಠ್‌ಜೀ... ಕೆಳಗಿನವರ ತಲೆ ಮೇಲೆ ಒಂದು ಹನಿಯೂ ಬೀಳುವುದಿಲ್ಲ ಶೇಠ್‌ಜೀ..."

ಫೋನ್ ಇಟ್ಟು ನೋಡುತ್ತೇನೆ, ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದಾರೆ, ನಾನೊಬ್ಬನೇ ನಿಂತಿದ್ದೇನೆ.

ಎದುರು ಸಾಲಿನಿಂದ ಹೆಂಡತಿ ಕೂಗಿ ಹೇಳಿದಳು: "ಹುಲಿಗೆ ಇನ್ನೊಂಚೂರು ತುಪ್ಪ ಹಾಕ್ರಿ."

ಸ್ವಂತ ಮನೆಯ ಗೇಟು

ಅಗ್ರಿಮೆಂಟು ಮುಗಿಯುತ್ತ ಬಂತು. ಹೆಂಡತಿ ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ಪೇರಿಸಿದ್ದಳು. ಮನೆ ಬಿಡಲು ಹುಡುಗನಿಗೆ ಹೇಳುವುದು ನನ್ನ ಕೆಲಸ. ಹೇಳಬೇಕೆಂದು ಹೋದಾಗಲೆಲ್ಲ ಅವನ ಹೆಂಡತಿ ಬಿಸಿಬಿಸಿ ಪೋಹೆ, ಅಂದರೆ ನಮ್ಮ ಒಗ್ಗರಣೆ ಅವಲಕ್ಕಿ, ಮಾಡಿ ಕೊಡುತ್ತಿದ್ದಳು. ಬಾಯಲ್ಲಿ ಪೋಹೆ ಇದ್ದಾಗ ಕಠಿಣ ಮಾತು ಹೇಗೆ ಬಂದೀತು?

ಕೊನೆಗೆ ಹೆಂಡತಿಯೇ ನನ್ನ ಜೊತೆ ಹೊರಟಳು. ಕೂರುವ ಮೊದಲೇ ಹೇಳಿದಳು: "ನೋಡಪಾ, ಬರೋ ತಿಂಗಳಿಂದ ನಾವ ಇಲ್ಲಿ ಇರ್ತೀವಿ."

"ಹಾಂ ಆಂಟಿ, ನಾವು ಇದೇ ಸೊಸೈಟಿ ಬಿ ವಿಂಗ್‌ನಲ್ಲಿ ಮನೆ ಫಿಕ್ಸ್ ಮಾಡಿ ಎಷ್ಟೋ ದಿನ ಆಯ್ತು" ಅಂದ ಹುಡುಗ. "ಅಂಕಲ್‌ಗೆ ಬುರಾ ಅನಿಸುತ್ತೆ ಅಂತ ಹೇಳಿರಲಿಲ್ಲ."

ಸಾಮಾನು ತುಂಬಿದ ಟೆಂಪೋ ಮುಲುಂಡಿನ ಗೇಟಿಗೆ ಬಂದಾಗ ವಾಚ್‌ಮನ್ ಅಡ್ಡ ನಿಂತ. ಸೊಸೈಟಿಯ ಸೆಕ್ರೆಟರಿ ಇಳಿದು ಬಂದರು. ಹೊಸಬರು, ಬಹಳ ಕಟ್ಟುನಿಟ್ಟು.

"ಯಾವ ಫ್ಲ್ಯಾಟಿಗೆ?"

ನಾನು ಕೈ ತೋರಿಸಿದೆ. "ಅದರ ಓನರ್ ನಾನೇ."

"ಅದರ ಓನರ್ ನನಗೆ ಗೊತ್ತಿಲ್ಲವೆ? ಎಲ್ಲ ಮೀಟಿಂಗಿಗೂ ಬರುತ್ತಾರೆ. ಎಷ್ಟು ಒಳ್ಳೆಯ ಹುಡುಗ!"

ಸೊಸೈಟಿಯ ಮೀಟಿಂಗು ಅಂದರೆ ನನಗೆ ನಿದ್ದೆ. "ಇನ್ವೆಸ್ಟರಿಗೆ ಪುರುಸೊತ್ತೆಲ್ಲಿ, ನೀನೇ ಹೋಗಿ ಬಾ" ಎಂದು ಪ್ರತಿ ಸಲ ಹುಡುಗನನ್ನು ಕಳಿಸುತ್ತಿದ್ದೆ. ಕಾಗದಪತ್ರ ತೋರಿಸೋಣವೆಂದರೆ ಅವು ಟ್ರಂಕಿನಲ್ಲಿ, ಟ್ರಂಕು ಕಪಾಟಿನ ಕೆಳಗೆ, ಕಪಾಟಿನ ಮೇಲೆ ನಮ್ಮ ಇಡೀ ಸಂಸಾರ.

ಹೆಂಡತಿ ಒಂದು ಬಕೆಟ್ ಬೋರಲು ಹಾಕಿ, ಫುಟ್‌ಪಾತಿನಲ್ಲಿ, ತನ್ನ ಮನೆಯ ಕಿಟಕಿಯನ್ನೇ ನೋಡುತ್ತ ಕೂತಳು. ಹಮಾಲರು ಗೊಣಗತೊಡಗಿದರು. ಟೇಬಲ್ ಫ್ಯಾನನ್ನು ತಬ್ಬಿಕೊಂಡು ನಿಂತಿದ್ದ ನನಗೆ ಸಂದರ್ಶನ ಶುರುವಾಯಿತು.

"ಎಷ್ಟು ಜನ? ವೆಜ್ಜಾ, ನಾನ್‌ವೆಜ್ಜಾ? ಗಲಾಟೆ ಮಾಡುತ್ತೀರಾ? ಹಿಂದಿನ ಮನೆ ಯಾಕೆ ಬಿಟ್ಟಿರಿ?"

"ಸ್ವಂತ ಮನೆಗೆ ಬರೋಣವೆಂದು."

"ಎಲ್ಲರೂ ಹಾಗೇ ಹೇಳುತ್ತಾರೆ. ಈ ಸೊಸೈಟಿಯಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ ಇದ್ದಾರೆಯೆ?"

ಅಷ್ಟರಲ್ಲಿ ಬಿ ವಿಂಗ್ ಕಡೆಯಿಂದ ಹುಡುಗ ಚಡ್ಡಿಯಲ್ಲಿ, ಹಾಲಿನ ಪಾಕೀಟು ಹಿಡಿದು ಬಂದ. "ಅರೇ, ಬಿಡಿ ಬಿಡಿ! ಆ ಫ್ಲ್ಯಾಟ್ ಇವರದೇ. ನಾನು ಇವರ ಬಾಡಿಗೆದಾರ ಆಗಿದ್ದೆ."

ಸೆಕ್ರೆಟರಿ ನಂಬಲಾರದೆ ನನ್ನನ್ನೂ ಫ್ಯಾನನ್ನೂ ನೋಡಿದರು. "ಇವರದೇ ಇರಬಹುದು. ಆದರೆ ಇರಲಿಕ್ಕೆ ಹೇಗೆ? ಜನ ಒಳ್ಳೆಯವರೆ?"

"ಆಂಟಿ ಏಕದಂ ಫಸ್ಟ್‌ಕ್ಲಾಸ್."

"ಇವರು?"

ಹುಡುಗ ಯೋಚಿಸಿದ. ನಾನು ಅವನ ಬಾಡಿಗೆ ಇಳಿಸಿದವನು, ಅವನ ಮದುವೆ ಫೋಟೋ ತೂಗುಹಾಕಿದವನು. ಅಷ್ಟು ಯೋಚಿಸಬೇಕಿತ್ತೆ?

"ಅಂಕಲ್... ದಿಲ್‌ದಾರ್ ಮನುಷ್ಯ. ಆಂಟಿ ಜೊತೆಗಿದ್ರೆ ಏನೂ ಪ್ರಾಬ್ಲಂ ಇಲ್ಲ."

ಸೆಕ್ರೆಟರಿ ಹೆಂಡತಿಯ ಕಡೆ ತಿರುಗಿದರು. "ಹಾಗಾದರೆ ಇವರ ಜವಾಬ್ದಾರಿ ನಿಮ್ಮದು ತಾನೆ, ಭಾಭೀಜೀ?"

ಆಕೆ ಬಕೆಟ್ಟಿನಿಂದ ಎದ್ದು, ಸೀರೆ ಕೊಡವಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಜೇಬಿನಿಂದ ಬೀಗದ ಕೈ ತೆಗೆದುಕೊಂಡಳು.

"ಮೊದಲ ಸಾಮಾನೆಲ್ಲ ಮ್ಯಾಲೆ ತರಲಿ. ಆಮ್ಯಾಲೆ ವಿಚಾರ ಮಾಡ್ತೀನಿ."

ವಾಚ್‌ಮನ್ ಆಕೆಗೆ ಸೆಲ್ಯೂಟ್ ಹೊಡೆದು ಗೇಟು ತೆರೆದ. ಫ್ಯಾನು ಹೊತ್ತು ಹಿಂದೆಯೇ ನುಗ್ಗಿದ ನನ್ನ ಎದೆಗೆ ಕೋಲು ಅಡ್ಡ ಹಿಡಿದು ಹೇಳಿದ:

"ಕಾಕಾ, ಹಮಾಲರಿಗೆ ಹಿಂದಿನ ಗೇಟು."